‘ವರ್ಟಿಗೊ’ವನ್ನು ಮನೆಯಲ್ಲಿ ನೋಡಲು ಯಾವ ಪ್ರತಿ? ಡಿವಿಡಿ, ಬ್ಲೂ-ರೇ, 4ಕೆ ಡಿಸ್ಕ್, ಸ್ಟ್ರೀಮಿಂಗ್‌ಗಳ ಹೋಲಿಕೆ

ಆಲ್‌ಫ್ರೆಡ್ ಹಿಚ್‌ಕಾಕ್ 1958ರಲ್ಲಿ ತೆರೆಗೆ ತಂದ ‘ವರ್ಟಿಗೊ’ ಮೊದಲ ಬಿಡುಗಡೆಯಲ್ಲಿ ಅಂಥ ಹೆಸರನ್ನೇನೂ ಮಾಡಲಿಲ್ಲ. ಆದರೆ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯು ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಪಡೆದು ಪ್ರಕಟಿಸುವ ಪಟ್ಟಿಯಲ್ಲಿ ಅದು 2012ರಲ್ಲಿ ಮೊದಲ ಸ್ಥಾನಕ್ಕೇರಿತು. 2022ರಲ್ಲಿಯೂ ಎರಡನೆಯ ಸ್ಥಾನವನ್ನು ಉಳಿಸಿಕೊಂಡಿತು. ಆ ಪಟ್ಟಿಯಿಂದ ಚಿತ್ರದ ಹೆಸರು ತಿಳಿದ ಹೊಸಬರು ಮೈಸೂರಿನಲ್ಲಿ ಈಗಲೂ ನನ್ನನ್ನು ವಿಚಾರಿಸುವುದು ಒಂದೇ ಮಾತು: ಇದನ್ನು ಯಾವುದರಲ್ಲಿ ನೋಡಬೇಕು? ದೇವರಾಜ ಅರಸು ರಸ್ತೆಯ ಆಸುಪಾಸಿನಲ್ಲಿ ಡಿಸ್ಕ್ ಮಾರುತ್ತಿದ್ದ ಸಣ್ಣ ಮಳಿಗೆಗಳು ಒಂದೊಂದಾಗಿ ಮೊಬೈಲ್ ಕವರಿನ ಅಂಗಡಿಗಳಾದ ಮೇಲೆ, ಹೊದಿಕೆಯನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರಗಳನ್ನು ಓದಿ ಕೊಳ್ಳುವ ಅನುಕೂಲ ನಮಗೆ ತಪ್ಪಿಹೋಗಿದೆ. ಆದ್ದರಿಂದ ಆ ಸಣ್ಣಕ್ಷರಗಳಲ್ಲಿ ಏನನ್ನು ನೋಡಬೇಕೆಂಬುದನ್ನೇ ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನಮ್ಮ ಮುಂದಿರುವ ದಾರಿಗಳು ನಾಲ್ಕು. ಹಳೆಯ ಡಿವಿಡಿ ಒಂದು. 2012ರಲ್ಲಿ ಹದಿನೈದು ಹಿಚ್‌ಕಾಕ್ ಚಿತ್ರಗಳ ಪೆಟ್ಟಿಗೆಯೊಳಗೆ ಮೊದಲು ಬಂದು, ಆಮೇಲೆ ಬಿಡಿಯಾಗಿಯೂ ಸಿಕ್ಕ ಬ್ಲೂ-ರೇ ಇನ್ನೊಂದು. 2020ರಲ್ಲಿ ನಾಲ್ಕು ಚಿತ್ರಗಳ ಜೋಡಣೆಯಲ್ಲಿ ಬಂದ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್ ಮೂರನೆಯದು. ಅಂತರ್ಜಾಲದಲ್ಲಿ ಬಾಡಿಗೆಗೋ ಚಂದಾದಾರಿಕೆಯಲ್ಲೋ ಸಿಗುವ ಸ್ಟ್ರೀಮಿಂಗ್ ಪ್ರತಿ ನಾಲ್ಕನೆಯದು. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಎಚ್‌ಡಿಆರ್ ಅನ್ನು, ಎಂದರೆ ಬೆಳಕು-ಕತ್ತಲೆಗಳ ಹೆಚ್ಚಿನ ವ್ಯಾಪ್ತಿಯನ್ನು, ನಿಜವಾಗಿ ತೋರಬಲ್ಲ ಟಿವಿ ಇದ್ದು, ಕೋಣೆಯನ್ನು ಕತ್ತಲು ಮಾಡಿ ಹತ್ತಿರ ಕುಳಿತು ನೋಡುವವರು 4ಕೆ ಡಿಸ್ಕನ್ನೇ ಕೊಳ್ಳಬೇಕು. ಉಳಿದವರಿಗೆ ಬ್ಲೂ-ರೇ ಸಾಕು, ಸಾಕೆಂದರೆ ಧಾರಾಳವಾಗಿ ಸಾಕು. ಸ್ಟ್ರೀಮಿಂಗ್ ಮೊದಲ ಪರಿಚಯಕ್ಕೆ ಅಡ್ಡಿಯಿಲ್ಲ. ಡಿವಿಡಿಯನ್ನು ಇನ್ನು ಮುಂದೆ ಯಾರೂ ದುಡ್ಡು ಕೊಟ್ಟು ತರಬೇಕಾಗಿಲ್ಲ. ಈ ತೀರ್ಮಾನಕ್ಕೆ ನಾನು ಬಂದದ್ದು ಪಿಕ್ಸೆಲ್‌ಗಳನ್ನು ಎಣಿಸಿ ಅಲ್ಲ. ಈ ಚಿತ್ರದ ಬಣ್ಣವನ್ನೂ ಶಬ್ದವನ್ನೂ ಮುಂದಿಟ್ಟುಕೊಂಡು.

ಚಿತ್ರವನ್ನು ಇನ್ನೂ ನೋಡದವರ ಸಲುವಾಗಿ ಕಥೆಯನ್ನು ಬಿಟ್ಟುಕೊಡದೆ ಬರೆಯುತ್ತೇನೆ. ಎತ್ತರವೆಂದರೆ ತಲೆ ಸುತ್ತುವ ಒಬ್ಬ ನಿವೃತ್ತ ಪತ್ತೇದಾರ, ಹಳೆಯ ಸ್ನೇಹಿತನ ಕೋರಿಕೆಯ ಮೇರೆಗೆ ಅವನ ಹೆಂಡತಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಹಿಂಬಾಲಿಸುತ್ತಾನೆ ಎಂಬಷ್ಟು ತಿಳಿದಿದ್ದರೆ ಸಾಕು. ಪತ್ತೇದಾರನಾಗಿ ಜೇಮ್ಸ್ ಸ್ಟೀವರ್ಟ್, ಅವನು ಹಿಂಬಾಲಿಸುವ ಹೆಂಗಸಾಗಿ ಕಿಮ್ ನೊವಾಕ್ ನಟಿಸಿದ್ದಾರೆ. ಛಾಯಾಗ್ರಹಣ ರಾಬರ್ಟ್ ಬರ್ಕ್ಸ್ ಅವರದು. ಮನಸ್ಸಿನ ಹದ ತಪ್ಪುವುದನ್ನು ಮಾತಿನಲ್ಲಿ ವಿವರಿಸದೆ ಬಣ್ಣದಲ್ಲಿ ತೋರಿಸುವುದೇ ಈ ಚಿತ್ರದ ವಿಶೇಷವಾದ್ದರಿಂದ, ಪ್ರತಿ ಕೆಟ್ಟದಾದರೆ ಕಥೆಯ ಅರ್ಧ ಭಾಗವೇ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ.

ಜೀರ್ಣೋದ್ಧಾರ ಒಂದಲ್ಲ, ಎರಡು

ಹೊದಿಕೆಯ ಮೇಲೆ ‘ರಿಸ್ಟೋರ್ಡ್’ ಎಂಬ ಪದ ಕಂಡ ಕೂಡಲೇ ಎಲ್ಲ ಪ್ರತಿಗಳೂ ಒಂದೇ ಮೂಲದವು ಎಂದು ತಿಳಿಯಬಾರದು. ಹಿಚ್‌ಕಾಕ್ ಹಕ್ಕುಗಳನ್ನು ತಮ್ಮಲ್ಲೇ ಇಟ್ಟುಕೊಂಡಿದ್ದ ಐದು ಚಿತ್ರಗಳಲ್ಲಿ ಇದೂ ಒಂದು; ಅವು ಬಹಳ ವರ್ಷ ಚಲಾವಣೆಯಿಂದಲೇ ಹೊರಗುಳಿದಿದ್ದು, 1980ರಲ್ಲಿ ಅವರು ತೀರಿಕೊಂಡ ಮೇಲೆ, 1983-84ರ ಹೊತ್ತಿಗೆ ಮತ್ತೆ ಪ್ರೇಕ್ಷಕರಿಗೆ ಸಿಕ್ಕಿದವು. ಅಷ್ಟರಲ್ಲಿ ಮೂಲ ನೆಗೆಟಿವ್‌ನ ಬಣ್ಣ ಮಾಸಿತ್ತು. ರಾಬರ್ಟ್ ಎ. ಹ್ಯಾರಿಸ್ ಮತ್ತು ಜೇಮ್ಸ್ ಸಿ. ಕಾಟ್ಜ್ ಅವರು ಹತ್ತು ಲಕ್ಷ ಡಾಲರ್‌ಗೂ ಮೀರಿದ ವೆಚ್ಚದಲ್ಲಿ ಅದನ್ನು ದುರಸ್ತಿ ಮಾಡಿ 1996ರಲ್ಲಿ 70 ಮಿ.ಮೀ. ಪ್ರತಿಗಳಾಗಿ ಮತ್ತೆ ಬಿಡುಗಡೆ ಮಾಡಿಸಿದರು. ಮೂರು ಮೂಲವರ್ಣಗಳನ್ನು ಮೂರು ಬೇರೆ ಬೇರೆ ಕಪ್ಪು-ಬಿಳುಪು ಫಿಲ್ಮುಗಳಲ್ಲಿ ಕಾದಿರಿಸುವ ಪದ್ಧತಿ ಆಗ ಇತ್ತಾದರೂ, ಈ ಚಿತ್ರದ ಮಟ್ಟಿಗೆ ಆ ಮೂರೂ ಫಿಲ್ಮುಗಳು ಒಂದೊಂದು ಪ್ರಮಾಣದಲ್ಲಿ ಕುಗ್ಗಿದ್ದರಿಂದ ಎಷ್ಟೋ ಕಡೆ ಒಂದರ ಮೇಲೊಂದು ಹೊಂದಿಸಿ ಬಣ್ಣ ಪಡೆಯುವುದು ಸಾಧ್ಯವಾಗಲಿಲ್ಲ. ನಾಯಕಿ ಓಡಿಸುವ ಹಸಿರು ಜಾಗ್ವಾರ್ ಕಾರಿನ ಬಣ್ಣವನ್ನು ಸರಿಹೊಂದಿಸಲು ಆ ಕಾರಿನ ಕಂಪನಿಯೇ ಬಣ್ಣದ ಮಾದರಿಯನ್ನು ಒದಗಿಸಿತು ಎಂದ ಮೇಲೆ ಕೆಲಸ ಎಷ್ಟು ಕಠಿಣವಿತ್ತೆಂದು ಊಹಿಸಬಹುದು.

ಚಿತ್ರಕ್ಕೆ ಅವರು ಮಾಡಿದ ಉಪಕಾರ ದೊಡ್ಡದು. ಶಬ್ದದ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಆರು ಚಾನೆಲ್‌ಗಳ ಹೊಸ ಡಿಟಿಎಸ್ ಧ್ವನಿಪಥ ಬೇಕಾಗಿದ್ದರಿಂದ ಹೆಜ್ಜೆಸಪ್ಪಳ, ಬಾಗಿಲು ಮುಂತಾದ ಸದ್ದುಗಳಲ್ಲಿ ಕೆಲವನ್ನು ಹೊಸದಾಗಿ ಧ್ವನಿಮುದ್ರಿಸಿ ಸೇರಿಸಲಾಯಿತು. ಹಳೆಯ ಧ್ವನಿಪಥದ ಕರಕರ ಸದ್ದನ್ನು ಮರೆಮಾಡಲು ಕಡಲತೀರದ ಒಂದು ದೃಶ್ಯಕ್ಕೆ ಮೂಲದಲ್ಲಿದ್ದುದಕ್ಕಿಂತ ಹೆಚ್ಚಿನ ಕಡಲಹಕ್ಕಿಗಳ ಕೂಗನ್ನೂ ಹಡಗುಗಳಿಗೆ ಮಂಜಿನ ಎಚ್ಚರಿಕೆ ಕೊಡುವ ಕಹಳೆಯನ್ನೂ ಹಾಕಲಾಯಿತು. ನಮ್ಮ ಕಡೆ ಹಳೆಯ ಕಲ್ಲಿನ ಗುಡಿಯ ಜೀರ್ಣೋದ್ಧಾರಕ್ಕೆಂದು ಹೊರಟವರು ಸೋರುವ ಛಾವಣಿಯನ್ನು ಸರಿಪಡಿಸಿ, ಅಷ್ಟಕ್ಕೇ ನಿಲ್ಲದೆ ನವರಂಗದ ಕಂಬಗಳಿಗೂ ಎನಾಮೆಲ್ ಬಣ್ಣ ಬಳಿದುಬಿಡುವುದುಂಟು. ಉದ್ದೇಶ ಒಳ್ಳೆಯದೇ, ಆದರೆ ಕಲ್ಲು ಕಾಣದಂತಾಗುತ್ತದೆ. 1996ರ ಶಬ್ದ ಕೇಳಿದಾಗಲೆಲ್ಲ ನನಗೆ ಆ ಕಂಬಗಳೇ ನೆನಪಾಗುತ್ತವೆ.

2014ರಲ್ಲಿ ಯೂನಿವರ್ಸಲ್ ಸಂಸ್ಥೆಯ ಹೊಸ 4ಕೆ ಪುನರುದ್ಧಾರದ ಪ್ರತಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಸ್ಟ್ರೊ ಚಿತ್ರಮಂದಿರದಲ್ಲಿ ಪ್ರದರ್ಶನಗೊಂಡಿತು. ಅದರಲ್ಲಿ 1996ರಲ್ಲಿ ಸೇರಿಸಿದ್ದ ಸದ್ದುಗಳಲ್ಲಿ ಅತಿಯೆನಿಸಿದ ಕೆಲವನ್ನು ತೆಗೆದುಹಾಕಲಾಗಿತ್ತು. ಇಸವಿಗಳನ್ನು ಹೊಂದಿಸಿ ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ: 2012ರ ಬ್ಲೂ-ರೇ ಈ ಎರಡನೆಯ ಕೆಲಸಕ್ಕಿಂತ ಹಿಂದಿನದು, 2020ರ 4ಕೆ ಡಿಸ್ಕ್ ಅದರ ನಂತರದ್ದು. ಎರಡು ಡಿಸ್ಕುಗಳ ನಡುವಣ ವ್ಯತ್ಯಾಸ ಬರಿಯ ಸೂಕ್ಷ್ಮತೆಯದಲ್ಲ. ಹಿಂದಿರುವ ದುರಸ್ತಿಯೇ ಬೇರೆ.

ಬಣ್ಣ: ಕೆಂಪು ಗೋಡೆ ಮತ್ತು ಹಸಿರು ಬೆಳಕು

ಈ ಚಿತ್ರವನ್ನು ವಿಸ್ಟಾವಿಷನ್ ಪದ್ಧತಿಯಲ್ಲಿ ತೆಗೆಯಲಾಗಿದೆ. ಸಾಮಾನ್ಯ ಕ್ಯಾಮೆರಾದಲ್ಲಿ 35 ಮಿ.ಮೀ. ಫಿಲ್ಮು ಮೇಲಿನಿಂದ ಕೆಳಕ್ಕೆ ಸಾಗುತ್ತದೆ, ಒಂದೊಂದು ಚೌಕಟ್ಟಿಗೆ ಅಂಚಿನ ನಾಲ್ಕು ರಂಧ್ರಗಳಷ್ಟು ಜಾಗ ಸಿಗುತ್ತದೆ. ವಿಸ್ಟಾವಿಷನ್‌ನಲ್ಲಿ ಅದೇ ಫಿಲ್ಮು ಅಡ್ಡಲಾಗಿ ಸಾಗಿ ಎಂಟು ರಂಧ್ರಗಳ ಅಗಲವನ್ನು ಬಳಸುವುದರಿಂದ ಚಿತ್ರಕ್ಕೆ ದಕ್ಕುವ ವಿಸ್ತೀರ್ಣ ಎರಡು ಪಟ್ಟಿಗೂ ಮಿಗಿಲು. ಫಿಲ್ಮಿನ ಕಣಗಳು, ಅಂದರೆ ಗ್ರೇನ್, ತೆರೆಯ ಮೇಲೆ ಅದೇ ಅನುಪಾತದಲ್ಲಿ ಸಣ್ಣವಾಗಿ ಕಾಣುತ್ತವೆ. ಆ ಕಾಲದ ಸಾಧಾರಣ ಚಿತ್ರಗಳ ಕಣವನ್ನು ಬನ್ಸಿ ರವೆ ಎನ್ನುವುದಾದರೆ ಇದರದು ಚಿರೋಟಿ ರವೆ. 4ಕೆ ಎಂದು ಮಾರಲಾಗುವ ಎಲ್ಲ ಹಳೆಯ ಚಿತ್ರಗಳೂ 4ಕೆ ಗಾತ್ರಕ್ಕೆ ಬೆಲೆಯುಳ್ಳವಲ್ಲ. ಇದು ಆ ಬೆಲೆಯುಳ್ಳ ಚಿತ್ರ ಎನ್ನಲು ಈ ನೆಗೆಟಿವ್‌ನ ಗಾತ್ರವೇ ಆಧಾರ.

ಆದರೆ ಸೂಕ್ಷ್ಮತೆಗಿಂತ ದೊಡ್ಡ ವಿಷಯವೊಂದಿದೆ, ಅದನ್ನು ಜಾಹೀರಾತಿನವರು ಹೇಳುವುದು ಅಪರೂಪ. ಡಿವಿಡಿ, ಬ್ಲೂ-ರೇ, 4ಕೆ ಡಿಸ್ಕ್ ಈ ಮೂರರಲ್ಲಿಯೂ ಬೆಳಕಿನ ಮಾಹಿತಿಯನ್ನು ಪೂರ್ಣವಾಗಿಯೂ ಬಣ್ಣದ ಮಾಹಿತಿಯನ್ನು ಉದ್ದದಲ್ಲಿ ಅರ್ಧ, ಅಗಲದಲ್ಲಿ ಅರ್ಧ ಮಾಡಿಯೂ ಇಡಲಾಗುತ್ತದೆ. ನಮ್ಮ ಕಣ್ಣು ಬೆಳಕಿನ ಅಂಚನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ಅಂಚನ್ನು ಗುರುತಿಸುವುದಿಲ್ಲವೆಂಬ ಲೆಕ್ಕಾಚಾರ ಅದು. ಹೀಗಾಗಿ ಪ್ಯಾಲ್ ಡಿವಿಡಿಯ (ಭಾರತ, ಯುರೋಪ್‌ಗಳ ಟಿವಿ ಪದ್ಧತಿಗೆ ಹೊಂದುವ ಡಿವಿಡಿಯ) 720×576ರಲ್ಲಿ ಬಣ್ಣಕ್ಕೆ ಉಳಿಯುವುದು 360×288 ಮಾತ್ರ. ಬ್ಲೂ-ರೇಯಲ್ಲಿ ಅದು 960×540. 4ಕೆ ಡಿಸ್ಕಿನಲ್ಲಿ 1920×1080, ಎಂದರೆ ಬ್ಲೂ-ರೇಯಲ್ಲಿ ಬೆಳಕಿಗೆ ಸಿಕ್ಕಷ್ಟು ಜಾಗ ಇಲ್ಲಿ ಬಣ್ಣಕ್ಕೇ ಸಿಗುತ್ತದೆ. ಚಿತ್ರದ ಆರಂಭದ ಭಾಗದಲ್ಲಿ ಎರ್ನೀಸ್ ಎಂಬ ರೆಸ್ಟೋರೆಂಟಿನ ದೃಶ್ಯ ಬರುತ್ತದೆ. ಗೋಡೆಗಳೆಲ್ಲ ಕುಂಕುಮದ ಕೆಂಪು, ಆ ಕೆಂಪಿನ ನಡುವೆ ಹಸಿರು ಉಡುಪಿನ ಹೆಂಗಸು. ಇದೇ ಜಾಗವನ್ನು ನಾನು ಮೂರು ಡಿಸ್ಕುಗಳಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಡಿವಿಡಿಯಲ್ಲಿ ಕೆಂಪು ಬಣ್ಣವು ಒದ್ದೆ ಬಟ್ಟೆಯಿಂದ ಇಳಿದಂತೆ ಹೆಂಗಸಿನ ಭುಜದ ಅಂಚಿನವರೆಗೂ ಹರಿದು ಬರುತ್ತದೆ, ಗೋಡೆ ಬರಿಯ ಬಣ್ಣದ ಹಲಗೆಯಾಗುತ್ತದೆ. ಬ್ಲೂ-ರೇಯಲ್ಲಿ ಗೋಡೆಕಾಗದದ ಮೇಲಿನ ವಿನ್ಯಾಸ ಕಾಣಿಸಿಕೊಳ್ಳುತ್ತದೆ. 4ಕೆಯಲ್ಲಿ ಆ ವಿನ್ಯಾಸದೊಳಗೇ ಕಡುಕೆಂಪು ಮತ್ತು ತಿಳಿಗೆಂಪಿನ ಎರಡು ಪದರಗಳು ಬೇರ್ಪಡುತ್ತವೆ.

ಮುಂದೆ ಹೋಟೆಲ್ ಕೋಣೆಯೊಂದರ ದೃಶ್ಯವಿದೆ. ಕಿಟಕಿಯ ಹೊರಗಿನ ನಿಯಾನ್ ಫಲಕದ ಹಸಿರು ಬೆಳಕು ಇಡೀ ಕೋಣೆಯನ್ನು ತುಂಬುತ್ತದೆ. ಅಲ್ಲಿ ನಡೆಯುವುದನ್ನು ಹೇಳುವುದಿಲ್ಲ. ಆ ಹಸಿರು ಒಂದೇ ಹಸಿರಲ್ಲ, ಕಿಟಕಿಯ ಬಳಿ ಗಿಳಿಹಸಿರಾಗಿದ್ದದ್ದು ಕೋಣೆಯ ಒಳಕ್ಕೆ ಬರುಬರುತ್ತ ಪಾಚಿಯ ಬಣ್ಣಕ್ಕೆ ತಿರುಗುತ್ತದೆ ಎಂಬುದಷ್ಟೇ ನಮ್ಮ ಹೋಲಿಕೆಗೆ ಬೇಕಾದ ವಿಷಯ. ಡಿವಿಡಿ ಮತ್ತು ಬ್ಲೂ-ರೇಗಳು ಪ್ರತಿ ಮೂಲವರ್ಣವನ್ನು 256 ಮೆಟ್ಟಿಲುಗಳಲ್ಲಿ ಹಿಡಿದಿಟ್ಟರೆ 4ಕೆ ಡಿಸ್ಕು 1024 ಮೆಟ್ಟಿಲುಗಳಲ್ಲಿ ಹಿಡಿದಿಡುತ್ತದೆ. ಮೆಟ್ಟಿಲು ದೊಡ್ಡದಾದರೆ ಏರಿಳಿತ ಪಟ್ಟೆಪಟ್ಟೆಯಾಗಿ ಕಾಣುತ್ತದೆ, ಸಣ್ಣದಾದರೆ ಇಳಿಜಾರಾಗಿ ಕಾಣುತ್ತದೆ. ಸ್ಮಶಾನದ ದೃಶ್ಯದಲ್ಲಿ ಹಿಚ್‌ಕಾಕ್ ಮಸೂರದ ಮುಂದೆ ಮಂಜಿನ ಫಿಲ್ಟರ್ ಹಾಕಿಸಿ ಬಿಸಿಲಿಗೇ ಹಸಿರು ಛಾಯೆಯ ಮುಸುಕು ಹೊದಿಸಿದ್ದಾರಲ್ಲ, ಅಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ಎಚ್‌ಡಿಆರ್ ಎಂಬ ಮೂರಕ್ಷರದ ಬಗ್ಗೆ ಮಾತ್ರ ಎಚ್ಚರವಿರಲಿ. ಬ್ಲೂ-ರೇಗಾಗಿ ಚಿತ್ರವನ್ನು ಹದಗೊಳಿಸುವಾಗ ಅತಿ ಹೆಚ್ಚಿನ ಬೆಳಕನ್ನು ಸುಮಾರು 100 ನಿಟ್ (ತೆರೆಯ ಬೆಳಕಿನ ಅಳತೆ) ಎಂದಿಟ್ಟುಕೊಳ್ಳುತ್ತಾರೆ. ಎಚ್‌ಡಿಆರ್‌ನಲ್ಲಿ ಅದು 1000 ನಿಟ್‌ವರೆಗೂ ಹೋಗಬಹುದು. ನಮ್ಮ ಅಂಗಡಿಗಳಲ್ಲಿ ಸಿಗುವ ಅಗ್ಗದ 4ಕೆ ಟಿವಿಗಳ ಪೆಟ್ಟಿಗೆಯ ಮೇಲೂ ಎಚ್‌ಡಿಆರ್ ಎಂದೇ ಅಚ್ಚಾಗಿರುತ್ತದೆ, ಆದರೆ ಅವುಗಳಲ್ಲಿ ಹಲವು 250ರಿಂದ 350 ನಿಟ್ ದಾಟುವುದಿಲ್ಲ. ಅವು ಎಚ್‌ಡಿಆರ್ ಸಂಕೇತವನ್ನು ಸ್ವೀಕರಿಸುತ್ತವೆಯೇ ಹೊರತು ಹಾಗೆ ತೋರಿಸಲಾರವು. ಅಂಥ ಟಿವಿಯಲ್ಲಿ 4ಕೆ ಡಿಸ್ಕು ಕೆಲವೊಮ್ಮೆ ಬ್ಲೂ-ರೇಗಿಂತ ಮಂಕಾಗಿಯೇ ಕಾಣಬಹುದು. ಅದನ್ನು ಡಿಸ್ಕಿನ ದೋಷವೆಂದು ದೂರುವವರನ್ನು ನಾನು ಬಹಳ ಕಂಡಿದ್ದೇನೆ.

ಕತ್ತಲಿನ ಬೆಲೆ ಏನೆಂದು ಮೈಸೂರಿನವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಎಸ್. ಎಲ್. ಹಾಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಜಲವರ್ಣ ಚಿತ್ರವನ್ನು ಕತ್ತಲೆ ಮಾಡಿದ ಕೋಣೆಯಲ್ಲಿಟ್ಟು ತೋರಿಸುವುದನ್ನು ಶಾಲೆಯ ದಿನಗಳಿಂದಲೂ ನೋಡಿದವರು ನಾವು. ಅದು ಬರಿಯ ಕಾಗದ. ಅದರ ಬಿಳುಪು ಬೇರೆ ಕಾಗದಗಳ ಬಿಳುಪಿಗಿಂತ ಹೆಚ್ಚಿನದಲ್ಲ. ಸುತ್ತಲಿನದು ಕಪ್ಪಾದ್ದರಿಂದ ದೀಪ ಉರಿಯುವಂತೆ ಕಾಣುತ್ತದೆ. ಸಾವಿರ ನಿಟ್‌ನ ಟಿವಿಗೆ ಹಣ ಹೊಂದಿಸಲಾಗದವರು ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ ಬ್ಲೂ-ರೇ ಹಾಕಿದರೆ, ಬೆಳಕು ಉರಿಯುತ್ತಿರುವ ಹಾಲ್‌ನಲ್ಲಿ 4ಕೆ ನೋಡುವವರಿಗಿಂತ ಹೆಚ್ಚನ್ನೇ ಕಾಣುತ್ತಾರೆ.

ಎಷ್ಟು ದೂರದಲ್ಲಿ ಕೂರುತ್ತೀರಿ?

ಸಾಧಾರಣ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತ ಸಣ್ಣ ವಿವರವನ್ನು ಬಿಡಿಸಿ ನೋಡಲಾರದು. ಈ ಲೆಕ್ಕವನ್ನು ಟಿವಿಯ ಅಗಲಕ್ಕೆ ಅನ್ವಯಿಸಿದರೆ, 43 ಇಂಚಿನ ಟಿವಿಯಿಂದ ಐದೂವರೆ ಅಡಿಗಿಂತ, 55 ಇಂಚಿನದರಿಂದ ಏಳು ಅಡಿಗಿಂತ, 65 ಇಂಚಿನದರಿಂದ ಎಂಟೂವರೆ ಅಡಿಗಿಂತ ಆಚೆ ಕುಳಿತವರಿಗೆ ಬ್ಲೂ-ರೇ ಮತ್ತು 4ಕೆಗಳ ನಡುವಿನ ಪಿಕ್ಸೆಲ್ ವ್ಯತ್ಯಾಸ ತಿಳಿಯುವುದಿಲ್ಲ. ಸೋಫಾವನ್ನು ಹಿಂದಿನ ಗೋಡೆಗೆ ಆನಿಸಿ, ನಡುವೆ ಓಡಾಡಲು ಜಾಗ ಬಿಟ್ಟು ಹತ್ತು ಅಡಿ ದೂರದಿಂದ ನೋಡುವುದು ನಮ್ಮ ಮನೆಗಳ ಪದ್ಧತಿ. ಆ ಪದ್ಧತಿ ಬದಲಾಗದಿದ್ದರೆ 4ಕೆ ಡಿಸ್ಕಿನಿಂದ ಆಗುವ ಲಾಭ ಹೊಸ ದುರಸ್ತಿ ಮತ್ತು ಬಣ್ಣದ್ದಷ್ಟೇ. ಪ್ರೊಜೆಕ್ಟರ್ ಇದ್ದವರ ಮಾತು ಬೇರೆ. 100 ಇಂಚಿನ ತೆರೆಗೆ ಈ ದೂರ ಹದಿಮೂರು ಅಡಿಯಾಗುವುದರಿಂದ ಕೋಣೆಯಲ್ಲಿ ಕುಳಿತ ಎಲ್ಲರಿಗೂ 4ಕೆ ದಕ್ಕುತ್ತದೆ.

ಶಬ್ದ

ಬರ್ನಾರ್ಡ್ ಹರ್ಮನ್ ಅವರ ಸಂಗೀತವಿಲ್ಲದೆ ಈ ಚಿತ್ರವಿಲ್ಲ. ಪತ್ತೇದಾರ ಕಾರಿನಲ್ಲಿ ಹಿಂಬಾಲಿಸುವ ಭಾಗದಲ್ಲಿ ನಿಮಿಷಗಟ್ಟಲೆ ಮಾತೇ ಇಲ್ಲ, ಸಂಗೀತವೇ ಕಥೆಯನ್ನು ನಡೆಸುತ್ತದೆ. ಅಮೆರಿಕದಲ್ಲಿ ವಾದ್ಯಗಾರರ ಮುಷ್ಕರವಿದ್ದ ಕಾರಣ ಮ್ಯೂರ್ ಮ್ಯಾಥಿಸನ್ ಅವರ ನಿರ್ದೇಶನದಲ್ಲಿ ಅದನ್ನು ಲಂಡನ್ ಮತ್ತು ವಿಯೆನ್ನಾಗಳಲ್ಲಿ ನುಡಿಸಿ ಮುದ್ರಿಸಲಾಯಿತು. ಬ್ಲೂ-ರೇ ಮತ್ತು 4ಕೆ ಡಿಸ್ಕ್ ಎರಡರಲ್ಲಿಯೂ ಬಹುಚಾನೆಲ್ ಧ್ವನಿಪಥದ ಜೊತೆಗೆ 1958ರ ಮಾದರಿಯ ಮೊನೊ, ಎಂದರೆ ಒಂದೇ ಚಾನೆಲ್‌ನ, ಧ್ವನಿಪಥವೂ ಇದೆ. ಆರು ಸ್ಪೀಕರ್‌ಗಳ ವ್ಯವಸ್ಥೆ ಇದ್ದವರು ಬಹುಚಾನೆಲ್ ಹಾಕಿದರೆ ಸಂಗೀತ ವಿಶಾಲವಾಗಿ ಹರಡುತ್ತದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ 4ಕೆ ಡಿಸ್ಕಿನಲ್ಲಿಯೂ ನಾನು ಆರಿಸುವುದು ಮೊನೊ. ಟಿವಿಯ ಸ್ವಂತ ಸ್ಪೀಕರ್ ಅಥವಾ ಸಣ್ಣ ಸೌಂಡ್‌ಬಾರ್ ಇರುವವರಿಗಂತೂ ಇದು ಬರಿಯ ಅಭಿರುಚಿಯ ಮಾತಲ್ಲ, ಏಕೆಂದರೆ ಆರು ಚಾನೆಲ್‌ಗಳನ್ನು ಎರಡಕ್ಕೆ ಇಳಿಸುವಾಗ ಮಾತು ಹಿಂದೆ ಸರಿದು ಸಂಗೀತ ಮುಂದೆ ನುಗ್ಗುತ್ತದೆ, ಆಮೇಲೆ ರಿಮೋಟ್ ಹಿಡಿದು ಶಬ್ದ ಏರಿಸುತ್ತ ಇಳಿಸುತ್ತ ಇರುವುದೇ ಕೆಲಸವಾಗುತ್ತದೆ.

ಡಿವಿಡಿ ಬೇಡವೆನ್ನಲು ನನ್ನ ಮುಖ್ಯ ಕಾರಣವೂ ಶಬ್ದಕ್ಕೇ ಸೇರಿದ್ದು. ಪ್ಯಾಲ್ ಪದ್ಧತಿಯ ಡಿವಿಡಿಯಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರವನ್ನು 25ರ ವೇಗದಲ್ಲಿ ಓಡಿಸುವುದರಿಂದ 128 ನಿಮಿಷದ ಚಿತ್ರ 123 ನಿಮಿಷದೊಳಗೇ ಮುಗಿಯುತ್ತದೆ. ತಯಾರಿಸುವಾಗ ಸರಿಪಡಿಸದಿದ್ದರೆ ಅದರ ಜೊತೆಗೆ ಶ್ರುತಿಯೂ ವೀಣೆಯ ಒಂದು ಮೆಟ್ಟಿಲಿನ ಮುಕ್ಕಾಲು ಪಾಲಿನಷ್ಟು ಏರುತ್ತದೆ. ನಮ್ಮ ಪಕ್ಕದ ಮನೆಯ ವೀಣೆ ಮೇಷ್ಟ್ರು ಒಮ್ಮೆ ನನ್ನ ಹಳೆಯ ಡಿಸ್ಕಿನ ಶೀರ್ಷಿಕೆ ಸಂಗೀತವನ್ನೂ ಬ್ಲೂ-ರೇಯ ಅದೇ ಭಾಗವನ್ನೂ ಒಂದಾದ ಮೇಲೊಂದು ಕೇಳಿ, ಚಿತ್ರದ ಕಡೆ ನೋಡದೆಯೇ, “ಮೊದಲಿನದರಲ್ಲಿ ಶ್ರುತಿ ಏರಿದೆಯಲ್ಲ ಸ್ವಾಮಿ, ಯಾರೋ ಅವಸರಪಡಿಸಿದ ಹಾಗಿದೆ” ಎಂದರು. ಅದಕ್ಕೂ ಮುಂಚೆ ನಾನು ಆ ಡಿಸ್ಕನ್ನು ಏಳೆಂಟು ಸಲ ನೋಡಿದ್ದರೂ ನನಗೆ ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೆ ಅದನ್ನು ಕೇಳಲು ಆಗಲಿಲ್ಲ. ಹಳೆಯ ಡಿಸ್ಕು ಈಗಾಗಲೇ ಮನೆಯಲ್ಲಿದ್ದರೆ ಹೊದಿಕೆಯ ಮೇಲೆ ಅಚ್ಚಾದ ನಿಮಿಷಗಳನ್ನು ನಂಬದೆ ಪ್ಲೇಯರಿನ ಗಡಿಯಾರವನ್ನೇ ನೋಡಿಕೊಳ್ಳಿ.

ಸ್ಟ್ರೀಮಿಂಗ್, ಪ್ಲೇಯರ್ ಮತ್ತು ತರಿಸುವ ತೊಂದರೆ

ಸ್ಟ್ರೀಮಿಂಗ್‌ನಲ್ಲಿ ಬರುವ 4ಕೆಯೂ ಡಿಸ್ಕಿನ 4ಕೆಯೂ ಹೆಸರಿನಲ್ಲಿ ಮಾತ್ರ ಒಂದೇ. ಅಂತರ್ಜಾಲದ 4ಕೆ ಪ್ರಸಾರ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್‌ನಲ್ಲಿ ಬರುತ್ತದೆ. ಬ್ಲೂ-ರೇಯ ಚಿತ್ರಕ್ಕೆ 40ರವರೆಗೆ, 4ಕೆ ಡಿಸ್ಕಿಗೆ 100ಕ್ಕೂ ಮೇಲೆ ಹೋಗಲು ಅವಕಾಶವಿದೆ. ಹೆಚ್ಚಿನ ದೃಶ್ಯಗಳಲ್ಲಿ ಇದು ಬಾಧಿಸುವುದಿಲ್ಲ. ಮೇಲೆ ಹೇಳಿದ ಸ್ಮಶಾನದ ಮಂಜಿನಲ್ಲಿ ಬಾಧಿಸುತ್ತದೆ: ಮುಸುಕು ತಿಳಿಯಾಗಿ ಹರಡುವ ಬದಲು ಚೌಕಚೌಕವಾಗಿ ಒಡೆಯುತ್ತದೆ, ಗ್ರೇನ್ ಒಂದು ಕ್ಷಣ ಕಾಣಿಸಿ ಮರುಕ್ಷಣ ಮೇಣ ಸವರಿದಂತೆ ನುಣುಪಾಗುತ್ತದೆ. ಮೊನೊ ಆರಿಸುವ ಅವಕಾಶವೂ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಯಾವ ವರ್ಷದ ದುರಸ್ತಿಯನ್ನು ತೋರಿಸುತ್ತಿದ್ದಾರೆಂದು ಎಲ್ಲಿಯೂ ಬರೆದಿರುವುದಿಲ್ಲ, ಇಂದು ಇದ್ದ ಚಿತ್ರ ಮುಂದಿನ ತಿಂಗಳು ಇರುತ್ತದೆಂಬ ಖಾತರಿಯೂ ಇಲ್ಲ. ಮಂಡ್ಯದ ಗೆಳೆಯರೊಬ್ಬರು ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಿಂದ ಟಿವಿಗೆ ಹಾಟ್‌ಸ್ಪಾಟ್ ಕೊಟ್ಟು ಈ ಚಿತ್ರವನ್ನು 4ಕೆಯಲ್ಲಿ ನೋಡಲು ಹೊರಟಿದ್ದರು. 128 ನಿಮಿಷಕ್ಕೆ ಸುಮಾರು 14ರಿಂದ 24 ಜಿಬಿ ಬೇಕೆಂದು ಲೆಕ್ಕ ಹಾಕಿ ತೋರಿಸಿದ ಮೇಲೆ ನಕ್ಕು, ನನ್ನ ಬ್ಲೂ-ರೇಯನ್ನೂ ಪ್ಲೇಯರನ್ನೂ ಎರಡು ವಾರಕ್ಕೆ ಒಯ್ದರು. ಫೈಬರ್ ಸಂಪರ್ಕವಿದ್ದು, ಚಿತ್ರ ತಮಗೆ ಒಗ್ಗುತ್ತದೆಯೋ ಇಲ್ಲವೋ ಎಂದು ತಿಳಿಯಬೇಕೆನ್ನುವವರಿಗೆ ಬಾಡಿಗೆಗೆ ನೋಡುವುದೇ ಬುದ್ಧಿವಂತಿಕೆ.

ಡಿಸ್ಕ್ ಕೊಳ್ಳುವ ಮುನ್ನ ಯಂತ್ರದ ವಿಚಾರ. ಬ್ಲೂ-ರೇ ಪ್ಲೇಯರ್ 4ಕೆ ಡಿಸ್ಕನ್ನು ಓದುವುದಿಲ್ಲ. ಮಕ್ಕಳ ಆಟಕ್ಕೆಂದು ತಂದ ಪ್ಲೇಸ್ಟೇಷನ್ 4 ಮನೆಯಲ್ಲಿದ್ದರೆ ಅದೂ ಬ್ಲೂ-ರೇಯವರೆಗೆ ಮಾತ್ರ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇದ್ದರೆ ಬೇರೆ ಪ್ಲೇಯರ್ ಬೇಕಿಲ್ಲ, ಮತ್ತು ಆ ಮನೆಯವರ ಪಾಲಿಗೆ 4ಕೆ ಡಿಸ್ಕಿನ ಖರ್ಚು ಥಟ್ಟನೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ಡಿಸ್ಕು ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆಂದು ಸೂಚಿಸುವ ಪ್ರದೇಶ ಸಂಕೇತದ ತೊಡಕು ಇನ್ನೊಂದು. ಭಾರತ ಡಿವಿಡಿಗೆ 5ನೆಯ ಪ್ರದೇಶ, ಬ್ಲೂ-ರೇಗೆ ‘ಸಿ’ ಪ್ರದೇಶ. ಅಮೆರಿಕ ‘ಎ’, ಯುರೋಪ್ ‘ಬಿ’. 4ಕೆ ಡಿಸ್ಕುಗಳಿಗೆ ಈ ಸಂಕೇತವೇ ಇಲ್ಲ, ಎಲ್ಲಿಂದ ತರಿಸಿದರೂ ಓಡುತ್ತವೆ. ಬೇರೊಂದು ಚಿತ್ರದ ಬ್ಲೂ-ರೇಯನ್ನು ಹೊರದೇಶದ ಮಾರಾಟಗಾರರೊಬ್ಬರು ‘ಎಲ್ಲ ಪ್ರದೇಶಗಳಿಗೂ’ ಎಂದು ಬರೆದಿದ್ದನ್ನು ನಂಬಿ ತರಿಸಿ, ಬಾಗಿಲಲ್ಲಿ ಸುಂಕವನ್ನೂ ಕಟ್ಟಿ, ಆಸೆಯಿಂದ ಪ್ಲೇಯರಿಗೆ ಹಾಕಿದರೆ ತೆರೆಯ ಮೇಲೆ ಬಂದದ್ದು ಈ ಡಿಸ್ಕ್ ಇಲ್ಲಿ ಓಡದೆಂಬ ಒಂದು ಸಾಲು. ಹಿಂದಿರುಗಿಸುವ ಅಂಚೆವೆಚ್ಚ ಡಿಸ್ಕಿನ ಬೆಲೆಗೆ ಸಮವಾಗಿದ್ದರಿಂದ ಅದು ಇಂದಿಗೂ ನನ್ನ ಕಪಾಟಿನಲ್ಲಿದೆ. ಹಿಂಬದಿಯ ಹೊದಿಕೆಯ ಫೋಟೊ ಕಳಿಸಿ ಎಂದು ಕೇಳದೆ, ಪ್ರದೇಶ ಸಂಕೇತದ ಆ ಒಂದು ಅಕ್ಷರವನ್ನು ಕಣ್ಣಾರೆ ನೋಡದೆ ಬ್ಲೂ-ರೇಗೆ ಹಣ ಕಳಿಸಬೇಡಿ.

ಯಾವುದನ್ನು ಕೊಂಡರೂ

ರೇಷ್ಮೆ ಸೀರೆ ಆರಿಸಲು ಹೋದ ನಮ್ಮ ತಾಯಂದಿರು ಅಂಗಡಿಯ ದೀಪದ ಬೆಳಕಿನಲ್ಲಿ ಬಣ್ಣವನ್ನು ಎಂದೂ ಒಪ್ಪಿಕೊಂಡವರಲ್ಲ. ಸೆರಗನ್ನು ಬಾಗಿಲವರೆಗೆ ಒಯ್ದು ಬಿಸಿಲಿಗೆ ಹಿಡಿದೇ ಮಾತು ಮುಂದುವರಿಸುತ್ತಿದ್ದರು. ಟಿವಿ ಅಂಗಡಿಯಿಂದ ಮನೆಗೆ ಬಂದಾಗ ಅದರಲ್ಲಿ ಇರುವುದು ಆ ಅಂಗಡಿಯ ದೀಪವೇ: ‘ವಿವಿಡ್’ ಎಂಬ ಹೊಂದಿಕೆ, ಜೊತೆಗೆ ಚಲನೆಯನ್ನು ನುಣುಪು ಮಾಡುವ ಇನ್ನೊಂದು. ಮೊದಲನೆಯದು ನಾಯಕಿಯ ಬೂದು ಬಣ್ಣದ ಉಡುಪಿಗೆ ನೀಲಿಯನ್ನು ಬೆರೆಸುತ್ತದೆ; ಆ ಬೂದು ಬಣ್ಣ ಕಥೆಗೆ ಎಷ್ಟು ಮುಖ್ಯವೆಂದು ನೋಡಿದವರಿಗೆ ಗೊತ್ತು. ಎರಡನೆಯದು ಇಡೀ ಚಿತ್ರವನ್ನು ಸಂಜೆಯ ಧಾರಾವಾಹಿಯಂತೆ ಮಾಡುತ್ತದೆ. ಕ್ಯಾಮೆರಾ ಒಂದು ದಿಕ್ಕಿಗೆ ಸರಿಯುತ್ತಿರುವಾಗಲೇ ಜೂಮ್ ಅದಕ್ಕೆ ವಿರುದ್ಧ ದಿಕ್ಕಿಗೆ ಹೋಗಿ ನೆಲ ಪಾತಾಳಕ್ಕಿಳಿದಂತೆ ತೋರುವ, ಇರ್ಮಿನ್ ರಾಬರ್ಟ್ಸ್ ಎಂಬ ಛಾಯಾಗ್ರಾಹಕರು ರೂಪಿಸಿದ ಆ ಹೆಸರಾಂತ ತಂತ್ರ ಈ ನುಣುಪಿನಲ್ಲಿ ಕಂಪ್ಯೂಟರ್ ಆಟದಂತೆ ಜಾರಿಹೋಗುತ್ತದೆ. ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಹೊಂದಿಕೆಯನ್ನು ಆರಿಸಿ, ಚಲನೆಯ ನುಣುಪನ್ನು ಪೂರ್ತಿ ನಿಲ್ಲಿಸಿ, ಪ್ಲೇಯರಿನಲ್ಲಿ 24 ಚೌಕಟ್ಟುಗಳ ಔಟ್‌ಪುಟ್ ಇಟ್ಟುಕೊಳ್ಳಿ. ಇದಕ್ಕೆ ತಗಲುವುದು ಐದು ನಿಮಿಷ. ಇದನ್ನು ಮಾಡದೆ ಬ್ಲೂ-ರೇಯಿಂದ 4ಕೆಗೆ ಹೋಗುವುದು ದಂಡ.

ನನ್ನ ಮನೆಯಲ್ಲಿ ಎರಡೂ ಡಿಸ್ಕುಗಳಿವೆ. 55 ಇಂಚಿನ ಟಿವಿಯ ಮುಂದೆ ಬೆತ್ತದ ಕುರ್ಚಿಯೊಂದನ್ನು ಆರು ಅಡಿಗೆ ಎಳೆದುಕೊಂಡು ಒಬ್ಬನೇ ನೋಡುವಾಗ 4ಕೆ ಹಾಕುತ್ತೇನೆ. ನಾಲ್ಕು ಜನ ಸೇರಿ ಸೋಫಾದಲ್ಲಿ ಕುಳಿತಾಗ ಬ್ಲೂ-ರೇ ಹಾಕಿದರೂ ಇಂದಿನವರೆಗೆ ಯಾರೂ ಕೊರತೆ ಹೇಳಿಲ್ಲ. ಕೊಂಡವರಿಗೆ ಉಳಿದದ್ದು ಒಂದು ಸಣ್ಣ ಸೂಚನೆ: ಡಿಸ್ಕನ್ನು ಹಾಕಿದೊಡನೆ ತಾನಾಗಿ ಶುರುವಾಗುವುದು ಬಹುಚಾನೆಲ್ ಧ್ವನಿಪಥ, ಆದ್ದರಿಂದ ಮೊನೊ ಬೇಕಾದವರು ಪ್ರತಿ ಸಲವೂ ಮೆನುವಿಗೆ ಹೋಗಿ ಅದನ್ನು ಆರಿಸಿಕೊಂಡು, ಶೀರ್ಷಿಕೆಯನ್ನು ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ.